ಮೇಲಿನ ಷಡ್ಜದ ಚಿನ್ನದ ಪುಡಿ

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಯಾವಾಗಲೂ ತೀರ ಕೆಳಗೆ, ಶಾಮಿಯಾನದವರ ಹೆಸರಿಗಿಂತ ಒಂದೇ ಸಾಲು ಮೇಲೆ ಇರುತ್ತದೆ. ‘ಬೆಳಕು: ರಾಚಪ್ಪ ಹೊಂಬಳ’. ಬೆಳಕು ಅಂದಕೂಡಲೇ ಜನ ನನ್ನನ್ನು ಟ್ಯೂಬ್‌ಲೈಟ್ ಹಾಕುವವನು ಅಂದುಕೊಳ್ಳುತ್ತಾರೆ. ಒಮ್ಮೆ ಗದಗಿನಲ್ಲಿ ಕಚೇರಿ ನಡೆಯುತ್ತಿರುವಾಗಲೇ ಹಿರಿಯರೊಬ್ಬರು ಬಗ್ಗಿ ಬಂದು, “ತಮ್ಮಾ, ಆ ಮೂಲ್ಯಾಗಿನ ಫ್ಯಾನ್ ಸ್ವಲ್ಪ ಜೋರ್ ಮಾಡು” ಅಂದರು. ಎದ್ದು ಮಾಡಿ ಬಂದೆ. ವಿವರಿಸಿ ಹೇಳುವಷ್ಟು ಹೊತ್ತು ಇರಲಿಲ್ಲ.

ನನ್ನ ಕೆಲಸ ಇಷ್ಟು. ಗಾಯಕಿ ವೇದಿಕೆಯ ನಡುವೆ ಕೂತಿರುತ್ತಾರೆ, ನಾನು ತಬಲಾದವರ ಹಿಂದೆ ಕಂಪ್ಯೂಟರ್ ಇಟ್ಟುಕೊಂಡು ಕೂತಿರುತ್ತೇನೆ. ಅವರ ಮೈಕಿನ ದನಿ ನನ್ನ ಕಂಪ್ಯೂಟರಿಗೂ ಬರುತ್ತದೆ. ಅವರು ಹಾಡುತ್ತಿದ್ದ ಹಾಗೇ ನಾನು ಪ್ರೋಗ್ರಾಮ್ ಬರೆಯುತ್ತ ಹೋಗುತ್ತೇನೆ. ಬರೆದ ಸಾಲು ಆ ಕ್ಷಣವೇ ಅವರ ಹಿಂದಿನ ದೊಡ್ಡ ಪರದೆಯ ಮೇಲೆ ಚಿತ್ರವಾಗುತ್ತದೆ. ಮೊದಲೇ ಮಾಡಿಟ್ಟುಕೊಂಡ ಚಿತ್ರ ಒಂದೂ ಇಲ್ಲ. ಸ್ವರ ಏರಿದರೆ ಗೆರೆ ಏರುತ್ತದೆ, ದನಿ ತೆಳುವಾದರೆ ಗೆರೆ ತೆಳುವಾಗುತ್ತದೆ. ಸೆಕೆಂಡಿಗೆ ಅರವತ್ತು ಚಿತ್ರ. ಒಂದು ಚುಕ್ಕೆ ತಪ್ಪಿ ಬರೆದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಎದುರಿಗೆ ನಾನೂರು ಜನ ಕೂತಿರುತ್ತಾರೆ. ಈ ಕೆಲಸವನ್ನು ಹದಿನಾಲ್ಕು ವರ್ಷ ಧಾರವಾಡದ ತುಂಗಾಬಾಯಿ ಮುಳಗುಂದ ಅವರ ಜತೆ ಮಾಡಿದೆ.

ತುಂಗಾಬಾಯಿ ತಮ್ಮ ಹಾಡನ್ನು ರೆಕಾರ್ಡ್ ಮಾಡಲು ಯಾರಿಗೂ ಬಿಟ್ಟವರಲ್ಲ. ಅವರ ಗುರುಗಳ ಮನೆಯ ಕಟ್ಟಳೆ ಅದು. ಅವರ ಕಚೇರಿಯೆಂದರೆ ಬಾಗಿಲಲ್ಲೇ ಒಂದು ದೊಡ್ಡ ಬಿದಿರಿನ ಬುಟ್ಟಿ, ಎಲ್ಲರೂ ಫೋನು ಅದರೊಳಗೆ ಹಾಕಿ ಒಳಗೆ ಬರಬೇಕು. ರೇಡಿಯೋದವರು ಬಂದು ಕಾಲು ಹಿಡಿದರೂ ಕರಗಲಿಲ್ಲ. ನನ್ನನ್ನು ಮಾತ್ರ ಹೇಗೆ ಬಿಟ್ಟುಕೊಂಡರು ಅಂದರೆ, ಮೊದಲ ದಿನ ನಾನು ನಡುಗುತ್ತ ಎಲ್ಲ ವಿವರಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಚಿತ್ರಾ ಅಷ್ಟ ಹೌದಲ್ಲೊ? ಚಿತ್ರ ಏನ್ ಹಾಡಾಂಗಿಲ್ಲಲ್ಲ?”

“ಇಲ್ರಿ ಅಕ್ಕಾರ.”

“ಹಂಗಾರ ಬಾ. ಆದ್ರ ನನ್ನ ಒಂದು ಸ್ವರ ಸೈತ ಡಬ್ಬಿಯೊಳಗ ಹಿಡದಿಟ್ಕೋಬಾರದು. ತಂಬೂರಿ ಮುಟ್ಟಿ ಹೇಳು.”

ಮುಟ್ಟಿ ಹೇಳಿದೆ. ಆ ಮಾತಿಗೆ ತಪ್ಪಲಿಲ್ಲ ಅಂತಲೇ ಹದಿನಾಲ್ಕು ವರ್ಷ ನಂಬಿದ್ದೆ. ಅವರ ಒಂದೇ ಒಂದು ಸ್ವರ ನನ್ನ ಹತ್ತಿರ ಇಲ್ಲ. ನನ್ನ ಹತ್ತಿರ ಇದ್ದದ್ದು ಉಳಿಕೆ.

ಅದು ಏನೆಂದು ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಸಾಮಾನ್ಯವಾಗಿ ಪ್ರತಿ ಹೊಸ ಚಿತ್ರ ಬರೆಯುವ ಮೊದಲು ಕಂಪ್ಯೂಟರ್ ಹಳೆಯದನ್ನು ಪೂರ್ತಿ ಅಳಿಸುತ್ತದೆ. ನಾನು ಪೂರ್ತಿ ಅಳಿಸಲು ಬಿಡುವುದಿಲ್ಲ. ಸಾವಿರದಲ್ಲಿ ಎರಡು ಪಾಲು ಅಳಿಸು, ಉಳಿದದ್ದರ ಮೇಲೇ ಹೊಸದನ್ನು ಬರೆ ಅನ್ನುತ್ತೇನೆ. ಹಾಗಾಗಿ ಒಂದು ತಾನ್ ಮುಗಿದ ಮೇಲೂ ಅದರ ಹೊಗೆ ಪರದೆಯ ಮೇಲೆ ತೇಲುತ್ತಿರುತ್ತದೆ. ತೀರ ಮಂದವಾದದ್ದನ್ನು ಮುಟ್ಟಲೇಬೇಡ ಅಂತ ಇನ್ನೊಂದು ಸಾಲೂ ಸೇರಿಸಿದ್ದೆ. ಕಚೇರಿ ಮುಗಿದ ಮೇಲೆ ಬೇರೆಯವರು ಪರದೆ ಖಾಲಿ ಮಾಡಿ ಎದ್ದುಹೋಗುತ್ತಾರೆ. ನಾನು ಕೊನೆಯ ಚಿತ್ರವನ್ನು ಉಳಿಸಿಟ್ಟು, ಮುಂದಿನ ಕಚೇರಿಯನ್ನು ಅದರ ಮೇಲಿಂದಲೇ ಶುರು ಮಾಡುತ್ತಿದ್ದೆ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕಣ್ಣಿಗೆ ಅದು ಬರೀ ಕಪ್ಪು. ಆದರೆ ಒಳಗೆ ಮುನ್ನೂರು ಕಚೇರಿಗಳ ಕಲೆ ಪದರ ಪದರವಾಗಿ ಕೂತಿತ್ತು, ಮತ್ತು ಅದೇ ಎತ್ತರಕ್ಕೆ, ಅದೇ ತಿರುವಿನಲ್ಲಿ ಹೊಸ ಗೆರೆ ಬಂದರೆ ಅಡಿಯಲ್ಲಿದ್ದದ್ದು ಎದ್ದು ಕಾಣುತ್ತಿತ್ತು. ತುಂಗಾಬಾಯಿಯವರ ಹಿಂದೆ ತುಂಗಾಬಾಯಿಯವರೇ ಇನ್ನೂ ಹಲವರಾಗಿ ನಿಂತು ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಜನ ಬೆರಗಾಗುತ್ತಿದ್ದರು. ನಾನು ಹಮ್ಮಿನಿಂದ ಬೀಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಹನ್ನೊಂದನೆಯ ವರ್ಷ ಒಂದು ಬೆಳಗಿನ ಕಚೇರಿಯಲ್ಲಿ ಅವರು ತೋಡಿ ಹಾಡುತ್ತಿದ್ದರು. ಮೇಲಿನ ಷಡ್ಜಕ್ಕೆ ಹೋಗಿ ನಿಂತಾಗ ಗೆರೆಯ ಅಂಚಿನಲ್ಲಿ ಸಣ್ಣಗೆ ಏನೋ ಉದುರಿತು. ರಂಗೋಲಿ ಪುಡಿಯ ಹಾಗೆ ಇತ್ತು. ದನಿಯಲ್ಲಿನ ಅತಿ ಸೂಕ್ಷ್ಮವಾದ ಒರಟನ್ನು ನಾನು ಚಿನ್ನದ ಬಣ್ಣಕ್ಕೆ ಕಟ್ಟಿದ್ದೆ; ಅಲ್ಲಿಯತನಕ ಆ ಬಣ್ಣಕ್ಕೆ ಕೆಲಸವೇ ಬಂದಿರಲಿಲ್ಲ. ಕಿವಿಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. ಪರದೆಯ ಮೇಲೆ ಮಾತ್ರ ಚಿನ್ನದ ಪುಡಿ ಉದುರಿತು, ಸಭೆಯೆಲ್ಲ ‘ವಾಹ್’ ಅಂದಿತು.

ನನ್ನ ಬೆರಳು ತಡೆಯಲಿಲ್ಲ. ಅಲ್ಲೇ ಕೂತು, ಆ ಒರಟನ್ನು ಹತ್ತು ಪಟ್ಟು ಹಿಗ್ಗಿಸು ಎಂದು ಒಂದು ಸಾಲು ಬರೆದೆ. ಮುಂದಿನ ವರ್ಷ ನಲವತ್ತು ಪಟ್ಟು ಮಾಡಿದೆ. ಮೂರು ವರ್ಷ ಆ ಪುಡಿ ದಟ್ಟವಾಗುತ್ತ ಹೋಯಿತು. ಪೋಸ್ಟರುಗಳಲ್ಲಿ ಅದೇ ಚಿತ್ರ. ತುಂಗಾಬಾಯಿ ಕೂಡ ಮೇಲಿನ ಷಡ್ಜ ಹಿಡಿದಾಗ ಕತ್ತನ್ನು ತುಸುವೇ ಹಿಂದಕ್ಕೆ ತಿರುಗಿಸಿ ಓರೆಗಣ್ಣಿನಿಂದ ಪರದೆ ನೋಡುತ್ತಿದ್ದರು, ಆಮೇಲೆ ಅಲ್ಲೇ ಇನ್ನಷ್ಟು ಹೊತ್ತು ನಿಲ್ಲುತ್ತಿದ್ದರು.

ಅದು ಅವರ ಧ್ವನಿಪೆಟ್ಟಿಗೆಯಲ್ಲಿ ಬೆಳೆಯುತ್ತಿದ್ದ ಗಡ್ಡೆ.

ಆಪರೇಷನ್ ಆದ ದಿನ ನಾನು ಊಟದ ಡಬ್ಬಿ ಹಿಡಿದುಕೊಂಡು ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದೆ. ಡಾಕ್ಟರು ಹೊರಗೆ ಬಂದು, ದನಿಯಲ್ಲಿ ಮೂರು ವರ್ಷದ ಹಿಂದೆಯೇ ಸಣ್ಣ ಒರಟು ಬಂದಿರಬೇಕು, ಆಗಲೇ ಆಸ್ಪತ್ರೆಗೆ ಬಂದಿದ್ದರೆ ದನಿ ಉಳಿಯುತ್ತಿತ್ತು, ನಿಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದರು. ಎಲ್ಲರೂ ಇಲ್ಲ ಅಂದರು. ನಾನೂ ಇಲ್ಲ ಅಂದೆ.

ತುಂಗಾಬಾಯಿ ಬದುಕಿದರು. ಈಗ ಕತ್ತಿಗೆ ತೆಳು ಅರಿವೆ ಸುತ್ತಿಕೊಂಡು, ಅದರ ಹಿಂದಿನ ರಂಧ್ರದಿಂದ ಉಸಿರಾಡುತ್ತಾರೆ. ಮಾತಿಗೆ ಪಾಟಿ, ಬಳಪ. ಪಾಠವನ್ನೂ ಹಾಗೇ ಹೇಳುತ್ತಾರೆ: ತಂಬೂರಿ ಮೀಟುತ್ತಾರೆ, ಬೆರಳಿನಿಂದ ಗಾಳಿಯಲ್ಲಿ ಸ್ವರದ ದಾರಿ ತೋರಿಸುತ್ತಾರೆ, ತಪ್ಪಿದರೆ ಪಾಟಿಯನ್ನು ಟಪ್ ಎಂದು ನೆಲಕ್ಕೆ ಬಡಿಯುತ್ತಾರೆ. ಹೀಗೆ ಎರಡು ವರ್ಷ ಕಲಿತು ತಯಾರಾದವಳು ಶಾಹೀನ್ ಸವಣೂರ. ಇಪ್ಪತ್ತನಾಲ್ಕು ವರ್ಷ, ಬೆಳಿಗ್ಗೆ ಕಿಂಡರ್‌ಗಾರ್ಟನ್ ಮಕ್ಕಳಿಗೆ ಪಾಠ ಹೇಳಿ ನೇರ ಅವರ ಮನೆಗೆ ಬರುವ ಹುಡುಗಿ. ಅವಳ ಮೊದಲ ದೊಡ್ಡ ಕಚೇರಿ ಗೊತ್ತಾದಾಗ ತುಂಗಾಬಾಯಿ ನನಗೆ ಹೇಳಿಕಳಿಸಿದರು. ‘ನನ್ನ ಹಿಂದ ಕುಂತಂಗ ಇಕಿ ಹಿಂದನೂ ಕೂಡು.’

ನನ್ನ ಕೆಲಸದ ಕೋಣೆ ಮನೆಯ ಮಾಳಿಗೆಯ ಮೇಲಿದೆ. ಒಂದು ಗೋಡೆಯ ತುಂಬ ಬಿಳಿ ಪರದೆ. ಶಾಹೀನ್ ಮೊದಲ ದಿನ ಬಂದು ಕೂತಾಗ ನಾನು ಖಾಲಿ ಚಿತ್ರದಿಂದ ಶುರು ಮಾಡಬೇಕಾಗಿತ್ತು. ಮಾಡಲಿಲ್ಲ. ಹಳೆಯ ಉಳಿಕೆಯನ್ನೇ ಹಾಕಿದೆ. ಚಂದ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ತುಂಗಾಬಾಯಿಯವರ ಹಾಡನ್ನು ಇನ್ನೊಮ್ಮೆ ನೋಡಬೇಕಾಗಿತ್ತು. ಎರಡು ವರ್ಷದಿಂದ ಅದಿಲ್ಲದೆ ಬದುಕು ಸಪ್ಪೆಯಾಗಿತ್ತು.

ಹುಡುಗಿ ತೋಡಿ ಎತ್ತಿಕೊಂಡಳು. ಕಲಿಸಿದವರು ಅವರೇ, ಹಾಗಾಗಿ ಅವರ ದಾರಿಯಲ್ಲೇ ನಡೆದಳು. ಕಪ್ಪಿನೊಳಗಿಂದ ಹಳೆಯ ಗೆರೆಗಳು ಒಂದೊಂದಾಗಿ ಎದ್ದವು. ಅಷ್ಟರಲ್ಲಿ ಅವಳು ಉಸಿರು ತೆಗೆದುಕೊಳ್ಳಲು ನಿಂತಳು. ಪರದೆಯ ಮೇಲಿನ ಗೆರೆ ನಿಲ್ಲಲಿಲ್ಲ. ಅದು ಮುಂದೆ ಹೋಗಿ, ಗಾಂಧಾರದ ಮೇಲೆ ಒಂದು ಸಣ್ಣ ಬಳುಕು ತೋರಿಸಿ, ನಿಧಾನವಾಗಿ ಕೆಳಗಿಳಿದು ಷಡ್ಜಕ್ಕೆ ಬಂದು ಕೂತಿತು. ಆ ಬಳುಕು ಲೋಕದಲ್ಲಿ ಒಬ್ಬರದೇ ಆಗಿತ್ತು.

ಕೋಣೆಯಲ್ಲಿ ಸದ್ದೇ ಇರಲಿಲ್ಲ.

“ಸರ್, ಅದನ್ನ ನಾ ಹಾಡ್ಲಿಲ್ರಿ” ಅಂದಳು ಶಾಹೀನ್.

“ಉಳಿಕಿ ಅದು. ಒಂದಿಷ್ಟು ದೂರ ತಾನಾ ಹರಿತೈತಿ. ಅಂಜಬ್ಯಾಡ.”

“ಅಂಜಿಕಿ ಇಲ್ರಿ. ಅಮ್ಮಾ ಬಂದ್ರೇನೋ ಅನಸ್ತು.” ತುಂಗಾಬಾಯಿಯವರನ್ನು ಅವಳು ಅಮ್ಮ ಎಂದೇ ಕರೆಯುತ್ತಾಳೆ.

ಆಮೇಲೆ ಅವಳು ಪರದೆ ನೋಡಿಕೊಂಡು ಹಾಡಲು ಶುರುಮಾಡಿದಳು. ಗೆರೆ ಎತ್ತ ಹೋಗುತ್ತದೋ ಅತ್ತ ದನಿ. ತುಂಗಾಬಾಯಿ ಬೆರಳಿನಿಂದ ಎಷ್ಟೇ ತೋರಿಸಿದರೂ ಬಾರದಿದ್ದ ತಿರುವುಗಳು ಪರದೆ ನೋಡಿ ಮೂರೇ ವಾರದಲ್ಲಿ ಬಂದವು. ಅವಳದೇ ಆಗಿದ್ದ ಒಂದು ನಗು, ಸ್ವರದಿಂದ ಸ್ವರಕ್ಕೆ ಹಾರುವಾಗ ಮಕ್ಕಳಾಟದಂಥ ಒಂದು ಜಿಗಿತ, ಅದು ಕಾಣೆಯಾಯಿತು. ನನಗೆ ಕಂಡಿತ್ತು. ಬಾಯಿ ಬಿಡಲಿಲ್ಲ.

ನಾಲ್ಕನೆಯ ವಾರ ಅವಳು ಮೇಲಿನ ಷಡ್ಜ ಹಿಡಿದಾಗ ಗೆರೆಯ ಅಂಚಿನಿಂದ ಚಿನ್ನದ ಪುಡಿ ಉದುರಿತು.

ಶಾಹೀನ್ ಕೈತಟ್ಟಿ ನಕ್ಕಳು. “ಸರ್, ಪೋಸ್ಟರ್‌ನ್ಯಾಗಿಂದು!”

ಅದು ಎರಡರಲ್ಲಿ ಒಂದು. ಹಳೆಯ ಪುಡಿಯ ಕಲೆ ಹೊಸ ಗೆರೆಯ ಅಡಿಯಿಂದ ಎದ್ದು ಕಾಣುತ್ತಿರಬಹುದು. ಇಲ್ಲವೇ ಈ ಹುಡುಗಿಯ ಗಂಟಲಲ್ಲಿಯೇ ಏನೋ ಶುರುವಾಗಿರಬಹುದು. ಯಾವುದು ಎಂದು ತಿಳಿಯುವುದು ಸುಲಭ. ಉಳಿಕೆ ತೆಗೆದಿಟ್ಟು, ಖಾಲಿ ಕಪ್ಪಿನ ಮೇಲೆ ಅವಳಿಂದ ಅದೇ ಸ್ವರ ಹಾಡಿಸಬೇಕು. ನಲವತ್ತು ಪಟ್ಟು ಹಿಗ್ಗಿಸುವ ಸಾಲು ಹಾಗೇ ಇರುತ್ತದೆ. ಗಂಟಲಲ್ಲಿ ಕೂದಲೆಳೆಯಷ್ಟು ಒರಟಿದ್ದರೂ ತೋರಿಸಿಬಿಡುತ್ತದೆ. ಹತ್ತು ನಿಮಿಷದ ಕೆಲಸ.

ಮಾಡಲಿಲ್ಲ. ನಾಳೆ ನೋಡೋಣ ಅಂದೆ. ನಾಳೆಯೂ ಹಾಗೇ ಅಂದೆ.

ನನ್ನ ಹೆಂಡತಿ ಶಕುಂತಲಾಗೆ ಮುಖ ನೋಡಿಯೇ ಎಲ್ಲ ತಿಳಿಯುತ್ತದೆ. ಒಂದು ರವಿವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತ, “ಏನಾಗೇತಿ ನಿಮಗ? ಊಟಾ ಇಲ್ಲ, ಮಾತಿಲ್ಲ” ಅಂದಳು. ತಡೆಯಲಾರದೆ ಎಲ್ಲ ಹೇಳಿದೆ. ಮೂರು ವರ್ಷ ಹಿಗ್ಗಿಸಿದ್ದನ್ನೂ, ಆಸ್ಪತ್ರೆಯಲ್ಲಿ ಇಲ್ಲ ಅಂದದ್ದನ್ನೂ ಹೇಳಿದೆ. ಅವಳ ಕೈ ನಿಂತಿತು.

“ಆ ಹುಡಿಗಿ ಗಂಟಲಾಗ ಐತೋ, ನಿಮ್ಮ ಪರದಿ ಮ್ಯಾಲ ಐತೋ, ಅದನ್ನ ನೋಡಾಕ ಎಷ್ಟೊತ್ತು ಬೇಕು?”

“ಹತ್ತು ನಿಮಿಷ.”

“ಪುಡಿ ಕಂಡು ಎಷ್ಟ್ ದಿನಾ ಆತು?”

“ಹತ್ತೊಂಬತ್ತು.”

“ಹತ್ತೊಂಬತ್ತು ದಿನಾ ಸುಮ್ನ ಕುಂತೀರಿ?” ಹೆಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು, ಅವಳು ನೋಡಲಿಲ್ಲ. “ಯಾಕ್ರಿ?”

“ಅದು ಉಳಿಕಿ ಪುಡಿನ ಅಂತ ಗೊತ್ತಾತಂದ್ರ ಉಳಿಕಿ ಅಳಸಬೇಕಾಕ್ಕೈತಿ. ಹುಡಿಗಿ ಅದನ್ನ ನೋಡಿ ತನ್ನ ಹಾಡು ಕಳಕೊಳ್ಳಾಕತ್ತಾಳ. ಇಟ್ಕೊಳ್ಳಾಕ ನನಗ ಬ್ಯಾರೆ ನೆವ ಇರಾಂಗಿಲ್ಲ. ಅಕ್ಕಾರ ಹಾಡು ಅದರಾಗ ಅಷ್ಟ ಉಳದೈತಿ, ಶಕು. ಬ್ಯಾರೆ ಎಲ್ಲೂ ಇಲ್ಲ.”

“ಮತ್ತ ಗಂಟಲಾಗ ಐತಿ ಅಂತ ಗೊತ್ತಾದ್ರ?”

ನಾನು ಹೆಂಚಿನ ಕಡೆ ನೋಡಿದೆ. ಅವಳು ಹೊತ್ತಿದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು, ಒಲೆ ಆರಿಸಿದಳು, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿ ಹೊರಟಳು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ತುಂಗಾಬಾಯಿಯವರ ಮನೆ ಎರಡು ಓಣಿ ಆಚೆ.

ಒಂದು ತಾಸಿನಲ್ಲಿ ಶಕುಂತಲಾ, ತುಂಗಾಬಾಯಿ, ಶಾಹೀನ್ ಮೂವರೂ ಮಾಳಿಗೆ ಹತ್ತಿ ಬಂದರು. ತುಂಗಾಬಾಯಿ ಮೆಟ್ಟಿಲು ಹತ್ತಿದ ಆಯಾಸಕ್ಕೆ ಕತ್ತಿನ ಅರಿವೆ ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಶಾಹೀನ್‌ಳ ಕಣ್ಣು ಕೆಂಪಾಗಿತ್ತು. ಅವಳಿಗೂ ಹೇಳಿಯೇ ಕರೆತಂದಿದ್ದರು. ತುಂಗಾಬಾಯಿ ಚಾಪೆಯ ಮೇಲೆ ಕೂತು ಪಾಟಿಯ ಮೇಲೆ ಬರೆದು ನನ್ನ ಕಡೆ ತಿರುಗಿಸಿದರು.

‘ನನ್ನ ಹಿಡದಿಟ್ಕೊಂಡೀಯಂತ. ತೋರ್ಸು.’

ಉಳಿಕೆ ಹಾಕಿದೆ. ಶಾಹೀನ್ ಅಳುಕುತ್ತ ತೋಡಿ ಶುರುಮಾಡಿದಳು. ಗೆರೆಗಳು ಎದ್ದವು. ತುಂಗಾಬಾಯಿ ತಮ್ಮ ಹಾಡನ್ನು ಯಾವತ್ತೂ ಹೊರಗಿನಿಂದ ಕೇಳಿದವರಲ್ಲ, ಹಿಂದಕ್ಕೆ ಕೂತು ನೆಟ್ಟ ಕಣ್ಣಿನಿಂದ ನೋಡಿದವರೂ ಅಲ್ಲ. ಮೊದಲ ಸಲ ನೋಡಿದರು. ಹುಡುಗಿ ಉಸಿರಿಗೆ ನಿಂತಾಗ ಗೆರೆ ತಾನೇ ಮುಂದೆ ಹೋಗಿ ಗಾಂಧಾರದ ಮೇಲೆ ಬಳುಕಿತು. ಅವರ ತುಟಿ ಅದರ ಜತೆಗೇ ಅಲುಗಿತು. ದನಿ ಬರಲಿಲ್ಲ, ಅರಿವೆಯ ಹಿಂದೆ ಗಾಳಿ ಮಾತ್ರ ಸುಯ್ ಎಂದಿತು. ನಾನು ತಲೆ ತಗ್ಗಿಸಿದೆ. ಆ ಸದ್ದನ್ನು ನಾನು ಸಾಯುವತನಕ ಮರೆಯಲಾರೆ.

ಮೇಲಿನ ಷಡ್ಜ ಬಂತು, ಪುಡಿ ಉದುರಿತು. ಅವರು ಕೈಯೆತ್ತಿ ನಿಲ್ಲಿಸಿದರು. ಬರೆಯಲು ಬಹಳ ಹೊತ್ತು ತೆಗೆದುಕೊಂಡರು.

‘ಅಲ್ಲಿ ಹೋದಾಗ ನೋಯ್ತಿತ್ತು. ಪರದಿ ಚಂದ ಕಾಣ್ತಿತ್ತು. ಅದಕ್ಕ ಸುಮ್ನಾದೆ.’

“ಅಕ್ಕಾರ, ನಾನು...” ಅಂದೆ. ಅವರು ಪಾಟಿ ಒರೆಸಿ ಮತ್ತೆ ಬರೆದರು.

‘ಖಾಲಿ ಮಾಡು. ಹಾಡ್ಸು.’

ಉಳಿಕೆ ತೆಗೆದೆ. ಪರದೆ ಕಪ್ಪಾಯಿತು. ಅದೇ ಮೊದಲ ಸಲ ಅದು ನಿಜವಾಗಿ ಕಪ್ಪಾದದ್ದು. ಶಾಹೀನ್ ಮಾತ್ರ ಬಾಯಿ ತೆರೆಯಲೊಲ್ಲಳು.

“ಅಮ್ಮಾ, ಗಂಟಲಾಗ ಇದ್ರ ಏನ್ ಮಾಡ್ಲಿ?” ಅಂದಳು. “ಕಚೇರಿ ಮುಗಿಯೂತನಕ ಗೊತ್ತಾಗೂದ ಬ್ಯಾಡ್ರಿ. ಒಮ್ಮೆರ ಹಾಡ್ತೀನಿ.”

ತುಂಗಾಬಾಯಿ ಹತ್ತಿರ ಸರಿದು ಅವಳ ಗಂಟಲ ಮೇಲೆ ಅಂಗೈ ಇಟ್ಟರು. ಇನ್ನೊಂದು ಕೈಯಿಂದ ತಮ್ಮ ಕತ್ತಿನ ಅರಿವೆಯನ್ನು ಸರಿಸಿ ತೋರಿಸಿದರು. ಶಕುಂತಲಾ ಮುಖ ಆಚೆ ತಿರುಗಿಸಿಕೊಂಡಳು. ಹುಡುಗಿ ನೋಡಿದಳು, ಕಣ್ಣು ಮುಚ್ಚಿದಳು, ಷಡ್ಜ ಹಿಡಿದಳು.

ಪರದೆ ಕಾಣದೆ ಹಾಡುತ್ತಿದ್ದಳಲ್ಲ, ಹಳೆಯ ಜಿಗಿತ ತಾನಾಗಿ ಮರಳಿತು. ಗೆರೆ ಬೆಳ್ಳಗೆ ಏರಿತು. ಪಂಚಮ ದಾಟಿತು, ಧೈವತ, ನಿಷಾದ. ಮೇಲಿನ ಷಡ್ಜಕ್ಕೆ ಹೋಗಿ ನಿಂತಿತು. ನಾನು ಅಂಚನ್ನೇ ನೋಡಿದೆ. ಹತ್ತು ಸೆಕೆಂಡು. ಇಪ್ಪತ್ತು. ಗೆರೆ ಈಗ ತಾನೇ ಒಗೆದ ದಾರದ ಹಾಗೆ ಸ್ವಚ್ಛವಾಗಿತ್ತು. ಒಂದು ಕಣವೂ ಉದುರಲಿಲ್ಲ.

ಹುಡುಗಿಯ ಗಂಟಲು ಚೆನ್ನಾಗಿದೆ. ಪುಡಿ ಬರೀ ಹಳೆಯ ಕಲೆ. ಶಕುಂತಲಾ “ಶಿವಾ” ಎಂದು ಗೋಡೆಗೆ ಒರಗಿದಳು. ನನಗೂ ಸಂತೋಷವಾಗಬೇಕಿತ್ತು.

ಆಗಲಿಲ್ಲ. ಇನ್ನು ಆ ಪುಡಿ ಎಲ್ಲಿಯೂ ಇಲ್ಲ, ಇನ್ನು ಯಾರ ಗಂಟಲಿನಿಂದಲೂ ಅದು ಬರುವುದಿಲ್ಲ ಎಂದು ದುಃಖವಾಯಿತು. ಹಾಗೆ ಅನ್ನಿಸಿದ ಮೇಲೆಯೇ, ನಾನು ಹತ್ತೊಂಬತ್ತು ದಿನ ಯಾವ ಉತ್ತರಕ್ಕಾಗಿ ಕಾದಿದ್ದೆ ಎಂದು ನನಗೆ ತಿಳಿದದ್ದು.

ತುಂಗಾಬಾಯಿ ಪರದೆ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ಶಾಹೀನ್ ಇನ್ನೂ ಕಣ್ಣು ಮುಚ್ಚಿ ಸ್ವರ ಹಿಡಿದೇ ಇದ್ದಳು. ಅವರು ಬಳಪ ತೆಗೆದುಕೊಂಡು ಎರಡೇ ಮಾತು ಬರೆದು, ನನಗೊಬ್ಬನಿಗೇ ಕಾಣುವ ಹಾಗೆ ಪಾಟಿ ಓರೆ ಮಾಡಿದರು.

‘ಬ್ಯಾಸರಾತು ನಿನಗ.’

ಇಲ್ಲ ಎನ್ನಲು ಬಾಯಿ ತೆರೆದೆ. ಆಸ್ಪತ್ರೆಯಲ್ಲಿ ಹೇಳಿದಷ್ಟು ಸಲೀಸಾಗಿ ಈ ಸಲ ಅದು ಬರಲಿಲ್ಲ.

ಶಾಹೀನ್ ಕಣ್ಣು ತೆರೆದು ಪರದೆ ನೋಡಿದಳು. ಸ್ವಚ್ಛ ಗೆರೆ ಕಂಡು ಅಳು, ನಗು ಎರಡೂ ಒಟ್ಟಿಗೆ ಬಂದವು. ಆಮೇಲೆ ಅವಳ ಕಣ್ಣು ಪಾಟಿಯ ಮೇಲೆ ಬಿತ್ತು. ಅದರ ಬೆನ್ನಷ್ಟೇ ಅವಳಿಗೆ ಕಾಣುತ್ತಿತ್ತು.

“ಸರ್, ಅಮ್ಮಾ ಏನ್ ಬರದ್ರು?”

“ಚಂದ ಹಾಡಿದಿ ಅಂತ” ಅಂದೆ.

“ಎರಡು ವರ್ಷದಾಗ ಒಮ್ಮೆನೂ ಹಂಗ ಅಂದಿಲ್ರಿ ಅಮ್ಮಾ” ಎನ್ನುತ್ತ ಅವಳು ಅವರ ಮಡಿಲಲ್ಲಿ ಮುಖ ಇಟ್ಟು ಬಿಕ್ಕಿದಳು. ತುಂಗಾಬಾಯಿ ಅಂಗೈಯಿಂದ ಪಾಟಿ ಒರೆಸಿದರು. ಅವಳ ತಲೆಯ ಮೇಲೆ ಕೈಯಾಡಿಸುತ್ತ, ಹೌದು ಎಂಬಂತೆ ತಲೆದೂಗಿದರು. ನನ್ನ ಕಡೆ ಮತ್ತೆ ನೋಡಲಿಲ್ಲ.

ಉಳಿಕೆಯನ್ನು ಅವರೆದುರಿಗೇ ಅಳಿಸಿದೆ. ಹದಿನಾಲ್ಕು ವರ್ಷ ಅಳಿಸಲು ಒಂದು ಸೆಕೆಂಡೂ ಹಿಡಿಯಲಿಲ್ಲ. ಪ್ರತಿ ಇಟ್ಟುಕೊಂಡಿಲ್ಲ. ಮರುದಿನ ಡಾಕ್ಟರೂ ಶಾಹೀನ್‌ಳ ಗಂಟಲು ನೋಡಿ ಏನೂ ಇಲ್ಲ ಅಂದರು. ಕಚೇರಿ ಚೆನ್ನಾಗಿ ಆಯಿತು, ಮತ್ತೆ ಮತ್ತೆ ಆಗುತ್ತಲೇ ಇದೆ. ನಾನು ಪ್ರತಿ ಸಲ ಖಾಲಿ ಕಪ್ಪಿನಿಂದ ಶುರು ಮಾಡುತ್ತೇನೆ, ಮುಗಿದ ಮೇಲೆ ಖಾಲಿ ಮಾಡಿಯೇ ಏಳುತ್ತೇನೆ. ಒರಟನ್ನು ಹಿಗ್ಗಿಸುವ ಆ ಸಾಲನ್ನು ಮಾತ್ರ ತೆಗೆದಿಲ್ಲ. ಹುಡುಗಿಯ ಗಂಟಲಿಗೆ ಅದು ಕಾವಲು, ಇರಲಿ ಎಂದು ಶಕುಂತಲಾ ಹೇಳಿದ್ದಾಳೆ.

ಶಾಹೀನ್ ಮೇಲಿನ ಷಡ್ಜ ಹಿಡಿದಾಗಲೆಲ್ಲ ನಾನು ಗೆರೆಯ ಅಂಚಿಗೆ ಬಗ್ಗಿ ಪುಡಿ ಹುಡುಕುತ್ತೇನೆ. ಎಂಥ ಕಾಳಜಿ ಎಂದು ಜನ ಅನ್ನುತ್ತಾರೆ. ಹೆದರಿ ಹುಡುಕುತ್ತೇನೋ ಆಸೆಯಿಂದ ಹುಡುಕುತ್ತೇನೋ, ನನಗೆ ಇನ್ನೂ ಗೊತ್ತಾಗಿಲ್ಲ.